ಪೆಟ್ಟಿಗೆಗೆ, ತಿಂಗಳಿಗೆ

ನಲವತ್ತು ದಿನ ಬಿದ್ದಿತ್ತು ಆ ಕಾಗದ
ಕಸದ ಕಡತದಲ್ಲಿ,
ಬೋಳುತಲೆಯ ಎಣ್ಣೆ, ಲಾಟರಿ, ಯಾರೋ ವಿಧವೆಯ ಕೋಟಿಗಳ ನಡುವೆ.
ಒಸಾಕದ ಹೆಂಗಸು ಬರೆದಿದ್ದಳು:
ನಾಲ್ಕು ಹರವಿ ಬೇಕು, ಸಾವಿರ ಲೀಟರಿನವು,
ಮುಂಗಡ ಯಾವ ಖಾತೆಗೆ?
ಆಮೇಲೆ ಇನ್ನೊಂದು: ಇದ್ದೀರಾ?
ಆಮೇಲೆ ಇಲ್ಲ.

ಇಮೆರೆತಿಯ ಈ ಗುಡ್ಡದ ಬುಡದಲ್ಲಿ
ಗುರಾಮ್ ಮಾವ ದಿನಕ್ಕೊಂದು ಗೇಣು ಮಣ್ಣು ಏರಿಸುತ್ತಾರೆ.
ಅವಸರಿಸಿದರೆ ಕುಸಿಯುತ್ತದೆ, ಬೈದರೂ ಕುಸಿಯುತ್ತದೆ ಅನ್ನುತ್ತಾರೆ.
ಆಮೇಲೆ ಏಳು ಹಗಲು ಏಳು ರಾತ್ರಿ ಬೆಂಕಿ.
ಅಷ್ಟು ಮಾಡಿ ಮಾರುವ ವಿಳಾಸ ಮಾತ್ರ
ನನ್ನ ಗಂಡ ಬದ್ರಿ ಹದಿನೇಳರ ಪ್ರಾಯದಲ್ಲಿ ಕಟ್ಟಿದ್ದು:
ಕಪ್ಪುಚಿರತೆ, ತೊಂಬತ್ತೊಂದು, ಬಿಟ್ಟಿ ಅಂಚೆ.
ಚಿರತೆಗೆ ಯಾರು ತಾನೆ ಮುಂಗಡ ಕಳಿಸಿಯಾರು?

ಹಾಗಾಗಿ ಮೊನ್ನೆ ಚೀಸಿನ ತಟ್ಟೆ ಸರಿಸಿ
ಮೇಜಿನ ಮೇಲೆ ಹರಡಿದೆ ಮೂರು ದರಪಟ್ಟಿ.
ಹೆಸರು ಕೊಂಡಾಗಿತ್ತು, ಹೆಸರಿಗೀಗ ಮನೆ ಬೇಕು.
ಮೊದಲನೆಯವ ಅಗ್ಗ. ಮೊದಲ ವರ್ಷ ಮಾತ್ರ ಅಗ್ಗ ಅಂತ
ಕೆಳಗೆ ಇರುವೆಗಾಲಿನ ಅಕ್ಷರದಲ್ಲಿದೆ.
ಎರಡನೆಯವ ದೊಡ್ಡವ: ಅಂಚೆಯ ಜೊತೆ ಕ್ಯಾಲೆಂಡರ್ ಕೊಡುತ್ತಾನೆ,
ಮುನ್ನೂರು ಜನ ಮುಖ ನೋಡಿ ಮಾತಾಡುವ ಕೋಣೆ ಕೊಡುತ್ತಾನೆ.
ನಾವು ಮೂವರು. ಒಂದೇ ಕೊಟ್ಟಿಗೆ.
ಕೂಗಿದರೆ ಕೇಳುತ್ತದೆ.
ಮೂರನೆಯದು ಕುತಾಯಿಸಿಯ ಒಂದು ಮಹಡಿ, ನಾಲ್ಕೇ ಮಂದಿ,
ತೆಕ್ಲಾ ಎಂಬವಳು ಎರಡನೇ ರಿಂಗಿಗೇ ಎತ್ತಿಕೊಂಡಳು.

ಎಲ್ಲರ ಲೆಕ್ಕವೂ ಒಂದೇ: ಪೆಟ್ಟಿಗೆಗೆ ಇಷ್ಟು, ತಿಂಗಳಿಗೆ.
ನನಗೊಂದು, ಲೆಕ್ಕಪತ್ರಕ್ಕೆ.
ಬದ್ರಿಗೊಂದು, ಚಿರತೆ ಸಾಯಬೇಕೆಂಬ ಷರತ್ತಿನ ಮೇಲೆ.
ಮಾವ ತನಗೆ ಬೇಡವೆಂದರು,
ಸ್ವಲ್ಪ ಹೊತ್ತು ಬಿಟ್ಟು, ದೂರಿಗೊಂದು ಬೇರೆ ಇರಲಿ ಅಂದರು,
ಒಡೆದದ್ದರ ಸುದ್ದಿ ಮೊದಲು ನನಗೇ ಬರಲಿ.

"ಬಿರುಕು ಎಲ್ಲಿ ಬರುತ್ತದಮ್ಮ, ನಿಮ್ಮದರಲ್ಲಿ?"
ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಗ್ಯಾರಂಟಿ ಅಂದಳು ತೆಕ್ಲಾ.
ನಾನು ಗುಣಿಸಿದೆ. ಉಳಿದದ್ದು ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ.
"ಆ ಎಂಟೂ ಮುಕ್ಕಾಲು ದ್ರಾಕ್ಷಿ ಕೊಯ್ಲಿನ ದಿನವೇ ಬಂದರೆ?"
ನಕ್ಕಳು. ಆಮೇಲೆ ನಗಲಿಲ್ಲ.
"ಬಂದರೆ ಫೋನು ನಾನೇ ಎತ್ತುತ್ತೇನೆ."
ದೊಡ್ಡವನನ್ನು ಕೇಳಿದಾಗ ಬರೀ ಸಂಗೀತ ಬಂದಿತ್ತು,
ಇಪ್ಪತ್ತು ನಿಮಿಷ.

ಮಾವ ಫೋನಿಗೆ ಬಾಗಿದರು,
ಹರವಿಯೊಳಗೆ ತಲೆಯಿಟ್ಟು ಗುಂಯ್ ಎಂದು ದನಿ ಹೊಡೆಸಿ
ಒಳಬಿರುಕು ಆಲಿಸುವ ಹಾಗೆ:
"ನಾಳೆ ಬಿಟ್ಟು ಹೋಗುತ್ತೇವೆ ಅಂದರೆ
ನಮ್ಮ ಕಾಗದ ನಮಗೆ ಕೊಡುತ್ತೀರೋ?"
ಈ ಪ್ರಶ್ನೆ ಯಾವ ದರಪಟ್ಟಿಯಲ್ಲೂ ಇರಲಿಲ್ಲ.
ನನಗೂ ಹೊಳೆದಿರಲಿಲ್ಲ.
ಮಾವನಿಗೆ ಗೊತ್ತು. ನಮ್ಮ ಹರವಿ ಕುತ್ತಿಗೆಯವರೆಗೆ ಹೂಳುವಂಥದ್ದು.
ಆಚೆ ದಂಡೆಯ ತೋಟ ಮಾರಿದ ವರ್ಷ
ಒಂದನ್ನು ಇಡಿಯಾಗಿ ತೆಗೆಯಹೋಗಿ ಮೂರು ದಿನ ಅಗೆದು
ಬುಟ್ಟಿಯಲ್ಲಿ ತಂದ ಚೂರು ಇನ್ನೂ ಭಟ್ಟಿಯ ಹಿಂದಿವೆ.

"ಗಂಟು ಕಟ್ಟಿ ಕೊಡುತ್ತೇವೆ," ಅಂದಳು ತೆಕ್ಲಾ, "ಬರೆದೂ ಕೊಡುತ್ತೇವೆ."
"ಬರೆ," ಅಂದರು.

ಶನಿವಾರ ಅವಳು ಓದಿದಂತೆ ಟೈಪು ಮಾಡಿದೆ,
ಒಂದು ಚುಕ್ಕಿ ತಪ್ಪಿದರೂ ಕಾಗದ ಬೇರೆ ಊರಿಗಂತೆ.
ಮರುದಿನ ಚಿರತೆಯಿಂದ ಹೊಸ ವಿಳಾಸಕ್ಕೆ ನಾನೇ ನನಗೆ ಬರೆದೆ.
ಹನ್ನೊಂದು ನಿಮಿಷ ಏನೂ ಇಲ್ಲ.
ಬದ್ರಿ ಸುಮ್ಮನೆ ತಂತಿ ಅಲ್ಲಾಡಿಸಿದ.
ಮಾವ ಜೇನುಮೇಣ ಕಲಕುತ್ತಿದ್ದ ಕೈ ನಿಲ್ಲಿಸಲಿಲ್ಲ.

ಬಂತು.

ಒಸಾಕಕ್ಕೆ ಬರೆಯಲು ಕೂತೆ:
ಇದ್ದೇವೆ. ತಡವಾಯಿತು, ಕ್ಷಮಿಸಿ.
ಹರವಿಯೂ ತಡವಾಗುತ್ತದೆ ಅಂತ ಈಗಲೇ ಸೇರಿಸು, ಅಂದರು ಮಾವ,
ಬೈದರೆ ಕುಸಿಯುತ್ತದೆ, ಅದನ್ನೂ.