ಇಪ್ಪತ್ತೊಂಬತ್ತು

"ಹಬ್ಬಕ್ಕೆ ಕೊಡ್ತೀಯೋ, ನಿನ್ನ ಫೈವ್ಸ್ ಗೆದ್ದ ಮೇಲೆ ಕೊಡ್ತೀಯೋ?"
ಪ್ಯಾಂಟಿನ ಬಟ್ಟೆ ಮೇಜಿಗೆ ಎಸೆದು ಕೇಳುತ್ತಾರೆ ಗಿರಾಕಿಗಳು.
ನನ್ನ ಬಾಯಲ್ಲಿ ಗುಂಡುಸೂಜಿ ಇರುತ್ತದೆ,
ಅದೊಂದು ಅನುಕೂಲ.

ಬಾಲ್ ಬ್ಯಾಡ್ಮಿಂಟನ್ ಅಂದರೆ ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು:
ಪುಕ್ಕದ್ದಲ್ಲ ಕಣಪ್ಪ, ಉಣ್ಣೆಯ ಚೆಂಡು,
ಅರಿಶಿನದ ಬಣ್ಣ, ನಿಂಬೆಹಣ್ಣಿಗಿಂತ ಚೂರು ದಪ್ಪ.
ಆ ಕಡೆ ಐದು ಜನ, ಈ ಕಡೆ ಐದು ಜನ,
ಇಪ್ಪತ್ತೊಂಬತ್ತು ಮುಟ್ಟಿದವರದ್ದು ಗೇಮು.
ಬಾಣಾವರ ಫೈವ್ಸ್ ಮುಟ್ಟುವುದು ಹನ್ನೊಂದು.
ಒಳ್ಳೆಯ ದಿನ ಹದಿನಾಲ್ಕು.

ಎಂಬತ್ತೇಳರಲ್ಲಿ ಮೊದಲ ಜೆರ್ಸಿ ಹೊಲಿದವನು ನಾನೇ.
ಸ್ಕೂಲಿನ ಯೂನಿಫಾರ್ಮಿಗೆ ತರಿಸಿ ಉಳಿದ ನೀಲಿ ಥಾನು.
ಕೂಲಿ ಕೇಳಲಿಲ್ಲ, ಅವರೂ ಕೊಡಲಿಲ್ಲ,
ಸಂಬಂಧ ಹಾಗೆ ಕುದುರಿತು.
ಓಂಕಾರಿಯ ಎದೆ ಮೂವತ್ತಾರು,
ಫಯಾಜನದು ಮೂವತ್ತನಾಲ್ಕು, ಎಡಭುಜ ಅರ್ಧ ಇಂಚು ಇಳಿಜಾರು,
ಪೋಸ್ಟ್‌ಮ್ಯಾನ್ ರುದ್ರಯ್ಯನಿಗೆ ಹೊಟ್ಟೆಯ ಹತ್ತಿರ ಸಡಿಲ ಬಿಡಬೇಕು.
ಸ್ಕೋರಿನ ಪುಸ್ತಕ ಅಂಪೈರ ಹತ್ತಿರ ಇರಲಿ,
ಅಳತೆ ಪುಸ್ತಕ ನನ್ನ ಹತ್ತಿರ ಇದೆ.
ಅದರಲ್ಲಿ ನಮ್ಮವರ ಅಂಕಿ ವರ್ಷಾವರ್ಷ ಏರುತ್ತದೆ.

ತಿಪಟೂರಿಗೆ, ಕಡೂರಿಗೆ, ಬೀರೂರಿಗೆ
ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಸೋತು ಬಂದೆವು.
ಬಂದೆವು ಅನ್ನುತ್ತೇನೆ,
ಒಂದು ಸರ್ವ್ ಕೂಡ ಹೊಡೆದವನಲ್ಲ ನಾನು.
ಅರಸೀಕೆರೆ ರೈಲ್ವೆಯವರಂತೂ
ನಮ್ಮೊಡನೆ ಆಡುವಾಗ ಒಬ್ಬೊಬ್ಬರಾಗಿ ಹೋಗಿ ಬೀಡಿ ಸೇದಿ ಬರುತ್ತಿದ್ದರು.
ಮನೆಗೆ ಬಂದರೆ ಗಿರಿಜಾಂಬ ಮುಖ ನೋಡಿ,
ತಟ್ಟೆಗೆ ಮುದ್ದೆ ಇಡುತ್ತಾ,
"ಒಂಬತ್ತಾ?"
"ಹತ್ತು."
"ಪರವಾಗಿಲ್ಲ, ಸಾರು ಬಿಸಿ ಇದೆ."

ಒಂದು ಸಲ ಗೆದ್ದಿದ್ದೆವು. ಅದನ್ನು ಹೇಳಬೇಕು.
ತೊಂಬತ್ತಾರು, ಮಾರ್ಚಿ, ನಮ್ಮ ಹೈಸ್ಕೂಲು ಮೈದಾನ, ಫೈನಲ್ಲು.
ಫೈನಲ್ಲಿಗೆ ಹೇಗೆ ಬಂದಿರಿ ಅಂತ ಕೇಳಬೇಡಿ,
ಸೇರಿದ್ದೇ ಮೂರು ತಂಡ.
ತಿಪಟೂರಿನವರ ಗಾಡಿ ಎಲ್ಲೋ ನಿಂತಿತ್ತು.
ಹನ್ನೊಂದಕ್ಕೆ ಅಂಪೈರು ಗಡಿಯಾರ ನೋಡಿ ಸೀಟಿ ಊದಿ
ಬಾಣಾವರ ವಿಜಯಿ ಅಂದರು.
ಸುಣ್ಣದ ಗೆರೆ ತುಳಿದು ಓಡಿದೆ ನಾನು,
ಒಂದು ಚಪ್ಪಲಿ ಎಲ್ಲಿ ಬಿತ್ತೋ.
ಕಪ್ಪು ಮೇಜಿನ ಮೇಲಿತ್ತು. ಓಂಕಾರಿ ಮುಟ್ಟಲಿಲ್ಲ.
"ಗಾಡಿ ಬರಲಿ ಸಾರ್, ಆಡೋಣ."
ಹಿಟ್ಟಿನ ಗಿರಣಿಯವನು, ರೆಪ್ಪೆಯ ಮೇಲೂ ರಾಗಿಹಿಟ್ಟು,
ಅವನಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರೋ.

ಮೂರು ಗಂಟೆಗೆ ಬಂದರು ತಿಪಟೂರಿನವರು.
ನಮ್ಮದೇ ಮಂಡಕ್ಕಿ ತಿಂದರು, ಕೈ ಒರೆಸಿಕೊಂಡರು, ಆಡಿದರು.
ಒಂದು ಗೇಮು ಅವರದ್ದು. ಒಂದು, ದೇವರಾಣೆ, ನಮ್ಮದು.
ಮೂರನೆಯದು ಇಪ್ಪತ್ತೇಳು ಸಮ.
ಆ ಇಳಿಬಿಸಿಲಲ್ಲಿ ಚೆಂಡು ಕಾಣುತ್ತಿರಲಿಲ್ಲ,
ಬ್ಯಾಟಿಗೆ ಬಿದ್ದ ಟಪ್ ಕೇಳಿ ಕತ್ತು ತಿರುಗಿಸಬೇಕು.
ಒಂದು ಟಪ್ ಕೇಳಿಸಲಿಲ್ಲ.
ಆಮೇಲೆ ಇನ್ನೊಂದು.

ಆರು ತಿಂಗಳು ಓಂಕಾರಿಯ ಗಿರಣಿಗೆ ರಾಗಿ ಕಳಿಸಲಿಲ್ಲ ನಾನು.
ಗಿರಿಜಾಂಬ ಕದ್ದು ಕಳಿಸುತ್ತಿದ್ದಳಂತೆ.
ಮುದ್ದೆ ಮಾತ್ರ ಅದೇ ನುಣುಪು,
ನಾನು ಯಾಕೆ ಕೇಳಲಿಲ್ಲವೋ.

ರುದ್ರಯ್ಯ ಈಗ ಇಲ್ಲ. ಫಯಾಜನ ಮಂಡಿಗೆ ಬೆಲ್ಟು.
ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿ.
ಮೊನ್ನೆ ಓಂಕಾರಿಯ ಮಗಳ ಮಗ ಬಂದಿದ್ದ,
ಜೆರ್ಸಿ ಹೊಲೀಬೇಕು ತಾತ, ನಾಲ್ಕು ಜನ ಇದೀವಿ,
ಐದನೆಯವನು ಸಿಕ್ತಾನೆ.
ಐದಕ್ಕೂ ಕತ್ತರಿ ಹಾಕಿದೆ.
ಅಳತೆ ಇಲ್ಲದ್ದಕ್ಕೆ ಹಳೆಯ ಪುಸ್ತಕ ತೆಗೆದು ಮೂವತ್ತಾರು ಹಿಡಿದೆ,
ಒಳಗೆ ಒಂದಿಂಚು ಬಟ್ಟೆ ಬಿಟ್ಟೆ,
ಬಿಚ್ಚಬಹುದು, ಹಿಡಿಸಬಹುದು.

ಭಾನುವಾರ ಬೀರೂರಿನಲ್ಲಿ ಮ್ಯಾಚು.
ಗಾಡಿ ಆರೂಕಾಲಿಗೆ.
ಪ್ಯಾಂಟಿನವರಿಗೆಲ್ಲ ಸೋಮವಾರ ಬನ್ನಿ ಅಂದಿದ್ದೇನೆ.