ಅರವತ್ತಾರು ಅಕ್ಷರ

ಕಾಗದ ಬಂದಿದೆ, ಸರಕಾರಿ ಕಂದು ಲಕೋಟೆ.
ಕಲ್ಲಿನ ಮೇಲೆ ಏನು ಕೆತ್ತಬೇಕೆಂದು ಕೇಳಿದ್ದಾರೆ.
ಅರವತ್ತಾರು ಅಕ್ಷರ, ಮೀರುವಂತಿಲ್ಲ.
ಅಕ್ಷರಕ್ಕೆ ಮೂರೂವರೆ ಪೆನ್ನಿ,
ಪದ ಪದದ ನಡುವೆ ಬಿಡುವ ಜಾಗಕ್ಕೂ ಅಷ್ಟೇ.
ಅಮ್ಮ ಅಂದಳು: ಸುಮ್ಮನಿರುವುದಕ್ಕೂ ದುಡ್ಡೇ?

ಎಣಿಸುವ ಕೆಲಸ ನನ್ನದು. ಮೂಂಟಾ ಶಾಲೆಯಲ್ಲಿ
ಲೆಕ್ಕಕ್ಕೆ ನಾನೇ ಮೊದಲು, ಅಣ್ಣ ಹೆಡ್ಲಿ ಕೊನೆ.
ಹದಿಮೂರಕ್ಕೇ ತಾಮ್ರದ ಗಣಿಗೆ ಹೋದ,
ಮೊದಲು ಅದಿರು ಹೆಕ್ಕಲು, ಆಮೇಲೆ ಏಣಿಯಿಳಿದು ಒಳಕ್ಕೆ.
ಉಗುರ ಸಂದಿಯ ಹಸಿರು ಶನಿವಾರದ ಸೋಪಿಗೂ ಜಗ್ಗುತ್ತಿರಲಿಲ್ಲ,
ಪ್ರಾರ್ಥನೆಯ ಪುಸ್ತಕದ ಅಂಚಿಗೆ ಇನ್ನೂ ಅಂಟಿದೆ.
ಮನೆಗೆ ಬಂದವನೇ ಕಿಟಕಿ ತೆರೆಯುತ್ತಿದ್ದ,
ಜುಲೈ ಚಳಿಯಲ್ಲೂ. ಕೊಲ್ಲಿಯ ಉಪ್ಪುಗಾಳಿ ನುಗ್ಗಿ
ದೀಪ ಆರುತ್ತಿತ್ತು, ಅಪ್ಪ ಕೆಮ್ಮುತ್ತಲೇ ಬೈಯುತ್ತಿದ್ದ.

ಸೈನ್ಯ ಸೇರಿದ್ದು ರಾಜನಿಗಾಗಿ ಅಲ್ಲ, ನನಗೆ ಗೊತ್ತು;
ಕುದುರೆ ಏರಬೇಕು, ಆಕಾಶದಡಿ ಮಲಗಬೇಕು ಅಂದಿದ್ದ.
ಅರ್ಜಿಯಲ್ಲಿ ಕಸುಬು ಎಂದಿದ್ದಲ್ಲಿ 'ಗಣಿ' ಎಂದು ಬರೆದ.
ವಯಸ್ಸಿಗೆ ಸುಳ್ಳು ಹೇಳಿದವನು
ಕಸುಬಿಗೂ ಒಂದು ಹೇಳಬಾರದಿತ್ತೇ, ಹುಚ್ಚ!
ಫ್ಲ್ಯಾಂಡರ್ಸ್‌ನಲ್ಲಿ ಕೈಗೆ ಸಲಿಕೆ ಕೊಟ್ಟು
ಮತ್ತೆ ನೆಲದೊಳಕ್ಕೇ ಇಳಿಸಿದರು.

ಅವನ ಪತ್ರ: 'ಇಲ್ಲಿ ಮಣ್ಣು ನೀಲಿ, ಲವ್‌ಡೇ,
ಬಾತುಕೋಳಿ ಮೊಟ್ಟೆಯ ನೀಲಿ. ನೀನು ನಂಬುವುದಿಲ್ಲ.
ನನ್ನ ಪಾಳಿ, ಗೋಡೆಗೆ ಕಿವಿಯಿಟ್ಟು ಕೂರುವುದು.
ಆಚೆಯೂ ಒಬ್ಬ ಅಗೆಯುತ್ತಾನೆ. ನಿಲ್ಲಿಸಿ ಕೆಮ್ಮುತ್ತಾನೆ,
ಥೇಟ್ ಅಪ್ಪನ ಕೆಮ್ಮು. ಅವನೂ ಗಣಿಯವನೇ ಇರಬೇಕು.
ಮೇಲಿನವರಿಗೆ ಅಗೆತದ ಸದ್ದು ಹೇಳಿದೆ.
ಕೆಮ್ಮು ಹೇಳಲಿಲ್ಲ.'

ಆಮೇಲೆ ಯಾರು ಮೊದಲು ಬತ್ತಿ ಹಚ್ಚಿದರೋ.
ಮೂರು ದಿನ ಅಗೆದು ಹೊರತೆಗೆದರಂತೆ.
ಇಪ್ಪತ್ತು ತುಂಬಲು ಒಂಬತ್ತು ದಿನ ಬಾಕಿ;
ಈ ಲೆಕ್ಕ ಯಾರೂ ಕೇಳಿರಲಿಲ್ಲ, ನಾನೇ ಮಾಡಿದೆ.

ಪಾದ್ರಿ ಮೂರು ವಾಕ್ಯ ಗುರುತು ಹಾಕಿ ಕೊಟ್ಟರು.
ಒಂದು ಉದ್ದವಾಯಿತು. ಒಂದರಲ್ಲಿ ಕಿರೀಟವಿತ್ತು,
ಅಣ್ಣನ ತಲೆಗೆ ಟೋಪಿಯೇ ನಿಲ್ಲುತ್ತಿರಲಿಲ್ಲ.
ಮೂರನೆಯದನ್ನು ಪಕ್ಕದ ಬೀದಿಯ ಟ್ರೆಂಬಾತ್ ಮನೆಯವರು
ತಮ್ಮ ಮಗನಿಗೆ ಆಗಲೇ ತೆಗೆದುಕೊಂಡಿದ್ದರು.

ಅಮ್ಮ ಹಿಟ್ಟು ನಾದುತ್ತಾ, ತಿರುಗಿಯೂ ನೋಡದೆ:
'ಅವನಿಗೆ ಕಿಟಕಿ ತೆರೆದಿರಬೇಕಿತ್ತು. ಬರಿ.'
ಬರೆದೆ. ಬಿಡುವೂ ಸೇರಿ ಇಪ್ಪತ್ತನಾಲ್ಕು.
ಸರಿಯಾಗಿ ಏಳು ಶಿಲಿಂಗು, ಚಿಲ್ಲರೆಯ ಗೊಡವೆಯಿಲ್ಲ.

ಕಚೇರಿಯಿಂದ ಮರುಪತ್ರ: ಕೈತಪ್ಪಿನಿಂದ ಬರೆದಿರಬಹುದು,
ದಯವಿಟ್ಟು ಮತ್ತೊಮ್ಮೆ ಯೋಚಿಸಿ,
ಇನ್ನೂ ನಲವತ್ತೆರಡು ಅಕ್ಷರಕ್ಕೆ ಅವಕಾಶವಿದೆ.

ಅಮ್ಮ ಆ ಕಾಗದವನ್ನು ಮಡಚಿ, ಮತ್ತೆ ಮಡಚಿ,
ಗಾಳಿಗೆ ಕದ ಮುಚ್ಚಿಕೊಳ್ಳದ ಹಾಗೆ
ಕಿಟಕಿಯ ಸಂದಿಗೆ ಸಿಕ್ಕಿಸಿದಳು.