ವರದಿಯ ಕೊನೆಯ ಸಾಲು

ಬೆಳಿಗ್ಗೆ ಏಳಕ್ಕೆ ಕಂಕನಾಡಿಯ ಲ್ಯಾಬಿನ ಶಟರು ಎತ್ತಿದರೆ
ಮೊದಲ ಕೆಲಸ ಯಂತ್ರವನ್ನೇ ಪರೀಕ್ಷಿಸುವುದು:
ಉತ್ತರ ಗೊತ್ತಿರುವ ಸೀಸೆಯಿಂದ ನಾಲ್ಕು ಹನಿ ಕೊಟ್ಟು
ಇವತ್ತು ಸುಳ್ಳು ಹೇಳುತ್ತೀಯಾ ಎಂದು ಕೇಳುವುದು.
ಆಮೇಲೆ ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು
ಖಾಲಿಹೊಟ್ಟೆಯವರನ್ನು ಒಳಗೆ ಕರೆಯುತ್ತೇನೆ.
ಎರಡನ್ನೂ ಮಾಡುತ್ತೇನೆ. ಇಪ್ಪತ್ತೆರಡು ವರ್ಷವಾಯಿತು.

ಆ ಸೋಮವಾರ ಮೂರನೆಯ ಟೋಕನ್ ದೂಮಣ್ಣ ಪಾತ್ರಿ.
ಹಣೆಯ ಗಂಧ ಇನ್ನೂ ಪೂರ್ತಿ ಹೋಗಿರಲಿಲ್ಲ.
ಶನಿವಾರ ರಾತ್ರಿ ಬೋಳಾರದಲ್ಲಿ ಇದೇ ಕೈ
ಕಡ್ಸಲೆ ಹಿಡಿದು ನಡುಗಿತ್ತು,
ಅಮ್ಮನ ಸುದ್ದಿ ಹೇಳಿಕೊಂಡು ನಿಂತ ನನ್ನ ನೆತ್ತಿಗೆ
ಪಿಂಗಾರದ ಎಸಳು ಉದುರಿಸಿತ್ತು.
"ಯಾನ್ ಉಳ್ಳೆ" ಎಂದಿತ್ತು ದೈವ. ನಾನಿದ್ದೇನೆ.
ಈಗ ತೋಳಿಗೆ ಪಟ್ಟಿ ಬಿಗಿಯುವಾಗ ಮುಖ ಆಚೆ ತಿರುಗಿಸಿ
"ಬೇನೆ ಆಪುಂಡಾ ಅಕ್ಕಾ?"

ಇನ್ನೂರ ಅರವತ್ತೆಂಟು.
ಮತ್ತೆ ಓಡಿಸಿದೆ. ಇನ್ನೂರ ಅರವತ್ತೊಂಬತ್ತು.
ದೈವ ಬಂದು ಹೋಗುವ ಮೈಯಲ್ಲಿ ಇಷ್ಟು ಸಕ್ಕರೆ.

ನಗು ಬರಲಿಲ್ಲ. ನಂಬಿಕೆಯೂ ಒಡೆಯಲಿಲ್ಲ.
ಕಾಲೇಜಿನ ಆ ಹುಡುಗಿಯಾದರೆ ಒಡೆಯಲೇಬೇಕು ಎನ್ನುತ್ತಿದ್ದಳು,
ಜಗಲಿಯಲ್ಲಿ ಅಜ್ಜನೊಡನೆ ವಾದಕ್ಕೆ ಕೂತು
ರಾತ್ರಿಯ ಗಂಜಿ ಆರಿಸಿದವಳು.

ಅಮ್ಮನ ಸ್ಲೈಡಿಗೆ ಬಣ್ಣ ಹಾಕಿದ್ದು ನಾನೇ.
ಗುಲಾಬಿ, ನೇರಳೆ. ಚಂದ ಕಾಣುತ್ತದೆ, ಅದೇ ಅನ್ಯಾಯ.
ಡಾಕ್ಟರ್ ಲಿಗೋರಿ ಕಣ್ಣಿಡುವ ಮೊದಲು
ಎದೆಯ ಮೇಲೆ ಶಿಲುಬೆ ಬರೆದುಕೊಂಡರು, ಯಾವಾಗಿನ ಹಾಗೆ.
"ಫಲಿತಾಂಶ ಬದಲಾಗಲಿ ಅಂತಲ್ಲ ಮಾರಾಯ್ತಿ,
ಇದ್ದದ್ದನ್ನು ಇದ್ದ ಹಾಗೆ ನೋಡಲಿಕ್ಕೆ ಧೈರ್ಯ ಬೇಕಲ್ಲ."
ನಾಲ್ಕು ತಿಂಗಳು ಎಂದರು. ಅಮ್ಮ ಆಟಿ ದಾಟಲಿಲ್ಲ.
ಉಳಿಸುತ್ತೇನೆ ಎಂದು ದೈವ ಹೇಳಿರಲಿಲ್ಲ,
ನೂರು ಸಲ ನೆನಪು ಮಾಡಿಕೊಂಡೆ.
ಇದ್ದೇನೆ ಎಂದಿತ್ತು, ಅಷ್ಟೇ.

ದೂಮಣ್ಣನ ತೊಂದರೆ ಬೇರೆ:
"ದರ್ಶನದ ದಿನ ಉಪವಾಸ ಅಕ್ಕ, ತೊಟ್ಟು ನೀರಿಲ್ಲ.
ಮಾತ್ರೆ ನುಂಗಿದರೆ ಅಪಚಾರ."
"ದೈವವನ್ನೇ ಕೇಳಿ."
"ನಾನು ಹೇಗೆ ಕೇಳಲಿ?
ಆ ಹೊತ್ತಿಗೆ ನಾನಿರುವುದಿಲ್ಲವಲ್ಲ."

ದೀಪಾವಳಿ ಕಳೆದ ಮೊದಲ ದರ್ಶನಕ್ಕೆ
ಹೆಂಗಸರ ಸಾಲಿನಿಂದೆದ್ದು ನಾನೇ ಕೇಳಿದೆ.
ಗುರಿಕಾರರು ಶಾಲು ಸರಿಮಾಡಿಕೊಂಡರು. ಯಾರೋ ಕೆಮ್ಮಿದರು.
ಮಣಿಯ ಸದ್ದು ನಿಂತಿತು.
ಟ್ಯೂಬ್‌ಲೈಟಿಗೆ ಹುಳ ಬಡಿಯುವುದು ಕೇಳುವಷ್ಟು ಹೊತ್ತು ಏನೂ ಇಲ್ಲ.
ಆಮೇಲೆ ತಗ್ಗಿದ ದನಿಯಲ್ಲಿ:
"ಮಣೆ ಮುರಿದರೆ ನಾನೆಲ್ಲಿ ಕೂರಲಿ?"

ಹೇಳಿದ್ದು ಯಾರು?
ದೂಮಣ್ಣನ ಒಳಗಿನ ಅಂಜಿಕೆಯೇ, ಅಲ್ಲ
ನನ್ನ ಮಾತೇ ಊರು ಸುತ್ತಿ ಮರಳಿ ಬಂತೇ?
ಹಸಿದ ಮಿದುಳಿಗೆ ಒಮ್ಮೊಮ್ಮೆ ಹಾಗೆ ಹೊಳೆಯುತ್ತದೆಯೇ?
ಇರಬಹುದು. ಆ ಮಾತನ್ನು ಮತ್ತೆ ಓಡಿಸಿ ನೋಡಲು ಯಂತ್ರವಿಲ್ಲ,
ಉತ್ತರ ಗೊತ್ತಿರುವ ಸೀಸೆಯೂ ಇಲ್ಲ.
ಈಗ ಅವರದ್ದು ನೂರ ಮೂವತ್ತೊಂದು. ಅದನ್ನು ಅಳೆದಿದ್ದೇನೆ.

ಅಣ್ಣ ಕೋಳಿಯ ಹರಕೆ ಹೊತ್ತಾಗ ಪಾಲು ಕೊಡಲಿಲ್ಲ ನಾನು.
ಗ್ರಹಣದ ದಿನ ಎಲ್ಲರೆದುರೇ ಬನ್ಸು ತಿಂದೆ.
ಆದರೂ ಸಂಕ್ರಾಂತಿಗೆ ಬೋಳಾರಕ್ಕೆ ಹೋಗುತ್ತೇನೆ.
ಮಣೆಯನ್ನು ಅಳೆಯಬಹುದು, ಅಳೆಯಲೇಬೇಕು,
ಒರಸಿ ಅಲುಗದಂತೆ ಇಡಬೇಕು; ಅದು ನನ್ನ ಪೂಜೆ.
ಕೂರುವವರ ತೂಕ ನನ್ನ ತಕ್ಕಡಿಗೆ ಈವರೆಗೆ ಬಂದಿಲ್ಲ.
ಬಾರದ್ದನ್ನು ಇಲ್ಲವೆಂದು ಬರೆಯಲಾರೆ,
ಇದೆಯೆಂದು ಸಹಿ ಹಾಕಲೂ ಆರೆ.

ಅಮ್ಮನ ಸ್ಲೈಡು ಕಪಾಟಿನಲ್ಲಿದೆ, ನಂಬರಿನ ಪ್ರಕಾರ.
ಪೆಟ್ಟಿಗೆಯ ತಳದಲ್ಲಿ ಒಣಗಿದ ಪಿಂಗಾರ.
ನಮ್ಮ ಪ್ರತಿ ವರದಿಯ ಕೊನೆಗೆ ಇರುವೆ ಅಕ್ಷರದಲ್ಲಿ
ಯಾರೂ ಓದದ ಒಂದು ಸಾಲು ಅಚ್ಚಾಗುತ್ತದೆ:
ರೋಗಿಯನ್ನು ಕಣ್ಣಾರೆ ನೋಡಿ ಹೋಲಿಸಿಕೊಳ್ಳತಕ್ಕದ್ದು.

ಓದುತ್ತೇನೆ. ಮುಂದಿನ ಟೋಕನ್ ಕರೆಯುತ್ತೇನೆ.